ಬಲದಿಂದ ಎಡಕ್ಕೆ ಹೋದ ಬೆರಳು

“ಹಿಂದಕ್ಕ ಸರೀರಿ ಬಾಯಿ. ಇದು ಚಹಾ ಅಲ್ಲ, ಗಂಧಕಾಮ್ಲ ಅದ.”

“ಚಹಾ ಆಗಿದ್ರ ಮುಂದ ಸರೀತಿದ್ದೆ ಮಾಸ್ತರ್ರೀ. ಮುಂಜಾನಿಯಿಂದ ಒಂದು ಕಪ್ಪೂ ಸಿಕ್ಕಿಲ್ಲ.”

ಎ.ಎಸ್.ಐ. ಕೌಸಲ್ಯಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಕುಳಿತರೆ ಏಳುವುದು ಕಷ್ಟ ಎಂದು ಗೊತ್ತಿದ್ದೂ ಕುಳಿತಳು. ಮೂರು ದಿನದಲ್ಲಿ ಒಂಬತ್ತು ಬಸ್ಸು ಹತ್ತಿ ಇಳಿದ ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಭಾಲ್ಕಿಯ ಆ ಹಳೆಯ ಪ್ರಯೋಗಶಾಲೆಯಲ್ಲಿ ಫ್ಯಾನು ಇತ್ತು, ತಿರುಗುತ್ತಿರಲಿಲ್ಲ.

ಠಾಣಾ ಕುಶನೂರಿನ ಶಾಲೆಯಲ್ಲಿ ಇದೇ ಪ್ರಯೋಗ ಮಾಡಲು ಹೋಗಿ ಮಂಜಿರಿ ಟೀಚರ್ ಮುಖ ಸುಟ್ಟುಕೊಂಡು ಇಂದಿಗೆ ನಾಲ್ಕು ದಿನ. ತಪ್ಪು ಯಾರದು ಎಂಬ ವರದಿ ಸಂಜೆ ಐದಕ್ಕೆ ಸಾಹೇಬರ ಮೇಜಿನ ಮೇಲಿರಬೇಕಿತ್ತು.

ವರದಿಯಲ್ಲಿ ಬರೆಯಬೇಕಾದ ಹೆಸರನ್ನು ಆ ಪ್ರಯೋಗದ ಪಾಠ ಹಂಚಿದ ಬೀದರಿನ ಕಚೇರಿಯವರು ಆಗಲೇ ಹೇಳಿಕೊಟ್ಟಿದ್ದರು. ಅಲ್ಲಿಯ ಉರ್ದು ಪಾಠಗಳನ್ನು ನೋಡಿಕೊಳ್ಳುವ ಶಾಕಿರಾ ಬೇಗಂ.

ಈ ಪ್ರಕರಣದಲ್ಲಿ ಎಲ್ಲರ ಬಾಯಲ್ಲೂ ‘ಹಗೇವು’ ಎಂಬ ಮಾತು ಓಡಾಡುತ್ತಿತ್ತು. ಅದು ಜೋಳ ತುಂಬುವ ನೆಲದ ಗುಂಡಿಯಲ್ಲ. ಜಿಲ್ಲೆಯ ಮಕ್ಕಳಿಗಾಗಿ ವಿಜ್ಞಾನದ ಪಾಠ, ಪ್ರಯೋಗ, ಚಿತ್ರ, ವಿಡಿಯೋ ಎಲ್ಲ ಕೂಡಿಹಾಕಿದ ಡಿಜಿಟಲ್ ಗ್ರಂಥಾಲಯಕ್ಕೆ ಇಟ್ಟ ಹೆಸರು. ನೆಟ್‌ವರ್ಕ್ ಸಿಗದ ಊರಿಗೂ ತಲುಪಲೆಂದು ಅಷ್ಟನ್ನೂ ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆಗಳಲ್ಲಿ ತುಂಬಿ ನಾಲ್ಕು ನೂರು ಶಾಲೆಗಳಿಗೆ ಹಂಚಿದ್ದರು.

ಹಗೇವಿಗೆ ಒಂದು ಕಟ್ಟಳೆ ಇತ್ತು. ಯಾವ ಪ್ರಯೋಗವನ್ನಾಗಲಿ ಒಬ್ಬ ಮಾಸ್ತರರು ತಮ್ಮ ಕೈಯಿಂದ ಮಾಡಿ, ಪಾಠದ ಕೆಳಗೆ ‘ಮಾಡಿ ನೋಡಿದ್ದೇನೆ’ ಎಂದು ಸಹಿ ಹಾಕಬೇಕು. ಸಹಿ ಇಲ್ಲದ ಪಾಠ ಒಳಗೆ ಇಳಿಯುವಂತಿಲ್ಲ.

ಈ ಪಾಠದ ಕೆಳಗಿದ್ದ ಸಹಿ ಗೋರಖನಾಥ ಮಾಸ್ತರರದು. ನಿವೃತ್ತರಾಗಿ ಹದಿನಾಲ್ಕು ವರ್ಷ. ಬೆಳಗಿನ ಹೊತ್ತು ಅವರು ಎಲ್ಲಿದ್ದಾರೆ ಎಂದು ಭಾಲ್ಕಿಯಲ್ಲಿ ಯಾರನ್ನು ಕೇಳಿದರೂ ಈ ಕೋಣೆಯ ಕಡೆಗೇ ಕೈ ತೋರಿಸುತ್ತಿದ್ದರು.

“ಅವತ್ತು ಹ್ಯಾಂಗ ಮಾಡಿದ್ರೋ ಹಂಗ ಮಾಡಿ ತೋರಸ್ರಿ,” ಎಂದಳು ಕೌಸಲ್ಯಾಬಾಯಿ. “ಈ ಹಾಳಿ ನೋಡ್ಕೋತ ಮಾಡ್ರಿ.”

ಹಾಳೆಯಲ್ಲಿ ಎರಡು ಚಿತ್ರ ಪಕ್ಕಪಕ್ಕದಲ್ಲಿ. ಎಡಕ್ಕೆ, ಬಿಳಿ ಪಿಂಗಾಣಿ ಬಟ್ಟಲಿಗೆ ಕಂದು ಬಾಟಲಿಯಿಂದ ಆಮ್ಲ ಸುರಿಯುವ ಕೈ. ಬಲಕ್ಕೆ, ಅದೇ ಬಟ್ಟಲಿಗೆ ನೀರು ಸುರಿಯುವ ಕೈ. ಕನ್ನಡ, ಮರಾಠಿ, ಉರ್ದು ಯಾವ ಮಾಧ್ಯಮದ ಮಕ್ಕಳಿಗೂ ನೋಡಿದೊಡನೆ ತಿಳಿಯಲೆಂದು ಒಳಗೆ ಅಕ್ಷರವನ್ನಾಗಲಿ ಅಂಕಿಯನ್ನಾಗಲಿ ಹಾಕಿರಲಿಲ್ಲ. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: ನಿಧಾನವಾಗಿ ಸುರಿಯಿರಿ.

ಮೊದಲು ನೀರು, ಅದಕ್ಕೆ ಹನಿಹನಿಯಾಗಿ ಆಮ್ಲ. ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಈ ಮೂರು ದಿನದಲ್ಲಿ ಕೌಸಲ್ಯಾಬಾಯಿ ಇದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಹಾಳೆಯಲ್ಲಿ ಕ್ರಮ ಉಲ್ಟಾ ಆಗಿರುವುದು ಅವಳಿಗೂ ಕಾಣುತ್ತಿತ್ತು. ಹಾಗಾದರೆ ಮಾಡಿ ನೋಡಿದ ಮಾಸ್ತರರ ಮುಖ ಸುಡದೆ ಉಳಿದದ್ದು ಹೇಗೆ?

ಮಾಸ್ತರರು ಹಾಳೆಯನ್ನು ಮೇಜಿನ ಮೇಲೆ ಸವರಿ ನೇರ ಮಾಡಿದರು. ತೋರುಬೆರಳನ್ನು ಬಲಗಡೆಯ ಚಿತ್ರದ ಮೇಲೆ ಇಟ್ಟರು. ಬಟ್ಟಲಿಗೆ ನೀರು ಸುರಿದರು. ಬೆರಳನ್ನು ಎಡಕ್ಕೆ ಎಳೆದರು. ಕಂದು ಬಾಟಲಿ ಎತ್ತಿ ಒಂದೊಂದೇ ಹನಿ ಬಿಟ್ಟರು. ಬಟ್ಟಲು ಬೆಚ್ಚಗಾಯಿತು. ಒಂದು ಹನಿಯೂ ಹೊರಗೆ ಸಿಡಿಯಲಿಲ್ಲ.

“ಆಯ್ತಲ್ಲ. ಇದ್ರಾಗ ತಪ್ಪೇನದ?”

ಕೌಸಲ್ಯಾಬಾಯಿ ಗೋಡೆ ಹಿಡಿದುಕೊಂಡು ಎದ್ದಳು.

“ಇನ್ನೊಮ್ಮಿ ಮಾಸ್ತರ್ರೀ. ಸುರೀಬ್ಯಾಡ್ರಿ. ಬೆರಳಷ್ಟ ಇಡ್ರಿ.”

ಬೆರಳು ಮತ್ತೆ ಬಲಕ್ಕೆ ಕುಳಿತು, ಎಡಕ್ಕೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಮಾಸ್ತರರು ತಮ್ಮ ಬೆರಳನ್ನೇ ಯಾರದೋ ಎಂಬಂತೆ ನೋಡಿದರು.

“ಅರೆ… ಇದು ಉರ್ದು ಪಾಠ ಅಲ್ಲೇನು?”

“ಕೆಳಗ ಕನ್ನಡ ಅದರಿ.”

“ಕೆಳಗ ಯಾರು ನೋಡಿದ್ರು? ಚಿತ್ರ ಗುರುತು ಸಿಕ್ತು, ಕೈ ತಾನ ಹೋಯ್ತು.” ಅವರು ಕನ್ನಡಕ ತೆಗೆದರು. “ನಾ ಮಾಡಿ ನೋಡಿದ್ದು ಉರ್ದು ಪಾಠ ಬಾಯಿ. ನಮ್ಮಪ್ಪ ನಂಗ ಅಲಿಫ್ ಕಲಿಸಿದ ಮ್ಯಾಲ ಅ ಆ ಕಲಿಸಿದ್ದು. ಹಿಂಗಾಗಿ ಶಾಕಿರಾ ಬೇಗಂ ಉರ್ದುದ್ದೆಲ್ಲಾ ನನ್ನ ಕಡೀನ ಕಳಸ್ತಾಳ. ಉರ್ದುದಾಗ ಇವು ಸರಿ ಇದ್ದವು. ಬಲಕ್ಕ ನೀರು, ಎಡಕ್ಕ ಆಮ್ಲ. ಬಲದಿಂದ ಓದಬೇಕಲ್ಲ!”

“ಕನ್ನಡದ ಪಾಠ?”

“ನನ್ನ ಕೈಗೇ ಬಂದಿಲ್ಲ.”

“ಸಹಿ ನಿಮ್ದೇ ಅದ.”

“ಸಹಿ ನಂದೇ. ನಾ ಹಾಕಿದ್ದು ಇಲ್ಲಿ ಅಲ್ಲ, ಉರ್ದು ಪಾಠಕ್ಕ.”

ಅವರು ಕಪಾಟಿನಿಂದ ಒಂದು ನೋಟುಬುಕ್ಕು ತೆಗೆದರು. ಮಾಡಿ ನೋಡಿದ ಪ್ರಯೋಗ, ತಾರೀಖು, ಒಡೆದ ಗಾಜಿನ ಲೆಕ್ಕ ಕೂಡ ಅದರಲ್ಲಿತ್ತು. ಕೊನೆಯ ಕ್ರಮಸಂಖ್ಯೆ ಎಂಬತ್ತಾರು.

“ಎಂಟು ತಿಂಗಳಿನಾಗ ಎಂಬತ್ತಾರು. ಬೀದರ ಕಚೇರಿಯ ಗೋವಿಂದ ಸಿಟ್ಟಾಗ್ತಾನ, ದಿನಕ್ಕ ಹತ್ತು ಮಾಡ್ರಿ ಅಂತಾನ. ನಾ ಹೇಳ್ದೆ, ತಮ್ಮಾ, ರೊಟ್ಟಿ ಬಡಿಯೋಕೂ ಹೊತ್ತು ಬೇಕು.”

ಕೌಸಲ್ಯಾಬಾಯಿ ಆ ಪುಟದ ಫೋಟೋ ತೆಗೆದುಕೊಂಡಳು. ಹನ್ನೆರಡೂವರೆಯ ಬಸ್ಸು ತಪ್ಪಿತು. ಒಂದೂಕಾಲಿನದರಲ್ಲಿ ನಿಂತು ಬರಬೇಕಿತ್ತು. ನಿಂತುಕೊಂಡೇ ಬಂದಳು.

*

ಬೀದರಿನ ಕಚೇರಿ ಮೊದಲ ಮಹಡಿಯಲ್ಲಿತ್ತು. ಇಪ್ಪತ್ತಮೂರು ಮೆಟ್ಟಿಲು. ಮೊನ್ನೆಯೇ ಎಣಿಸಿದ್ದಳು.

ಹೊರಗಿನ ಬೆಂಚಿನ ಮೇಲೆ ಶಾಕಿರಾ ಬೇಗಂ ಕುಳಿತಿದ್ದರು. ತೊಡೆಯ ಮೇಲೆ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಮೂರು ದಿನದಿಂದ ಅವರನ್ನು ಒಳಗೆ ಕರೆದವರಿಲ್ಲ, ಮನೆಗೆ ಹೋಗು ಎಂದವರೂ ಇಲ್ಲ.

“ಊಟ ಮಾಡ್ರೀ ಆಪಾ.”

“ಹಸಿವಿ ಇಲ್ಲ ಬಾಯಿ. ಹದಿನೇಳು ವರ್ಷ ಗೆಸ್ಟ್ ಟೀಚರ್ ಆಗಿ ಕುಂತೀನಿ, ಬೆಂಚಿನ ಮ್ಯಾಲ ಕೂಡೋದು ನಂಗೇನು ಹೊಸಾದಲ್ಲ.” ಶಾಕಿರಾ ಬೇಗಂ ನಗಲು ನೋಡಿದರು. “ಕಾಯಂ ಆರ್ಡರ್ ಬಂತು ಅಂತ ಓಣಿ ತುಂಬ ಮಿಠಾಯಿ ಹಂಚೀನಿ. ಪೊಲೀಸ್ ತಪಾಸ ಒಂದ ಬಾಕಿ. ಈಗ ನೀವು ನನ್ನ ಹೆಸರು ಬರೆದ್ರ, ಮಿಠಾಯಿ ವಾಪಸ್ ಕೇಳ್ಲಿಕ್ಕ ಬರ್ತದೇನ್ರಿ?”

ಕೌಸಲ್ಯಾಬಾಯಿ ಬಾಗಿಲು ತಳ್ಳಿ, “ಒಳಗ ಬರ್ರಿ,” ಎಂದಳು. “ನಿಮ್ಮ ಬಗ್ಗೆ ಆಡೋ ಮಾತು ನಿಮ್ಮ ಮುಂದ ಆಗ್ಲಿ.”

ಗೋವಿಂದ ಕಂಪ್ಯೂಟರಿನ ಮುಂದೆ ಇದ್ದ. ನಲವತ್ತು ದಾಟದ ಮನುಷ್ಯ, ಕಣ್ಣ ಕೆಳಗೆ ಅರವತ್ತರ ಚೀಲ. ಹಗೇವನ್ನು ಕಟ್ಟಿದವನು, ನಡೆಸುವವನು, ನಾಲ್ಕು ದಿನದಿಂದ ಅದಕ್ಕಾಗಿ ಬೈಸಿಕೊಳ್ಳುತ್ತಿರುವವನು ಅವನೇ.

“ಬರ್ರಿ ಮೇಡಮ್ಮರ. ವರದಿ ಆಯ್ತೇನ್ರಿ?”

“ಒಂದ ಸಣ್ಣ ಮಾತು ಉಳಿದದ. ಆ ಚಿತ್ರ ಕನ್ನಡ ಪಾಠಕ್ಕ ಯಾವಾಗ ಬಂದವು?”

“ನಿಮಗ ಆವತ್ತೇ ತೋರಿಸೀನಲ್ರಿ.” ಅವನು ಪರದೆ ತಿರುಗಿಸಿದ. “ಹನ್ನೊಂದನೇ ತಾರೀಖು, ಮಧ್ಯಾಹ್ನ ಮೂರು ನಲವತ್ತು. ಶಾಕಿರಾ ಆಪಾನ ಐಡಿ. ಉರ್ದು ವಿಭಾಗಕ್ಕ ಕೈ ಹಚ್ಚೋ ಐಡಿ ಅದೊಂದ. ಬೇಕಂತ ಮಾಡ್ಯಾರ ಅನ್ನಂಗಿಲ್ಲ ನಾ. ಆದ್ರ ಮಾಡಿದ್ದು ಆಪಾನ.”

“ಹೊರಗಿನಿಂದ ಮಾಡ್ಲಿಕ್ಕ ಬರ್ತದೇನು? ಮೊಬೈಲಿನಾಗ, ಮನಿಯಿಂದ?”

“ಬರಂಗಿಲ್ರಿ. ಈ ಕೋಣಿಯ ಮೂರು ಕಂಪ್ಯೂಟರ್ ಬಿಟ್ಟು ಎಲ್ಲೂ ತೆರಿಯಂಗಿಲ್ಲ. ಅದಕ್ಕ ನಾ ಇಷ್ಟು ಖಾತ್ರಿಯಿಂದ ಹೇಳೋದು.”

“ಖಾತ್ರಿ?”

“ಖಾತ್ರಿ.”

ಕೌಸಲ್ಯಾಬಾಯಿ ಕುರ್ಚಿ ಎಳೆದುಕೊಂಡಳು. ಮೊಬೈಲು ತೆಗೆದು, ನಿನ್ನೆ ಔರಾದದಲ್ಲಿ ತೆಗೆದ ಫೋಟೋ ಹುಡುಕಿದಳು. ಔರಾದದ ಗೋದಾಮಿನಲ್ಲಿ ನಿಜಾಮೋದ್ದೀನ ಎಂಬ ಕಾವಲುಗಾರ ಬಂದವರ, ಹೋದವರ, ತಂದ ಸಾಮಾನಿನ ಲೆಕ್ಕವನ್ನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಇಡುತ್ತಿದ್ದ. ಖಾಲಿ ಪೆಟ್ಟಿಗೆಗಳಿಗೆ ಪಾಠ ತುಂಬಿದ್ದು ಆಮೇಲೆ, ಅಲ್ಲೇ; ತಾಲ್ಲೂಕಿನ ಶಾಲೆಗಳವರು ಅವನ್ನು ಒಯ್ದದ್ದೂ ಅಲ್ಲಿಂದಲೇ.

“ಓದ್ರಿ ಗೋವಿಂದರಾವ್. ಜೋರಾಗಿ ಓದ್ರಿ, ನನ್ನ ಕಣ್ಣು ದಣದಾವ.”

ಅವನು ಓದಿದ. ದನಿ ಒಂದೊಂದು ಶಬ್ದಕ್ಕೂ ಇಳಿಯುತ್ತಾ ಹೋಯಿತು. “ತಾರೀಖು ಹನ್ನೊಂದು. ಶಾಕಿರಾ ಬೇಗಂ. ಬಂದದ್ದು… ಎರಡು ಗಂಟೆ. ಹೋದದ್ದು ನಾಲ್ಕೂವರೆ.”

“ಔರಾದದಾಗ ಕುಂತು ಬೀದರಿನ ಕಂಪ್ಯೂಟರ್ ಒತ್ತೋ ಅಷ್ಟು ಉದ್ದ ಕೈ ಆಪಾನ್ದು ಇಲ್ಲ. ನೋಡ್ಕೋರಿ, ಮುಂದ ನಿಂತಾರ.”

ಶಾಕಿರಾ ಬೇಗಂ ಬಾಗಿಲಲ್ಲೇ ನಿಂತಿದ್ದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಐಡಿ ಕದ್ದಿರಬೇಕು ಯಾರೋ…” ಎಂದ ಗೋವಿಂದ.

“ಕದಿಯೋದ್ಯಾಕ? ಅಲ್ಲಿ ಅಂಟಿಸೀರಲ್ಲ.” ಕೌಸಲ್ಯಾಬಾಯಿ ಗೋಡೆಯ ಕಡೆ ಗಲ್ಲ ಎತ್ತಿದಳು. ಎಲ್ಲರ ಐಡಿ, ಎಲ್ಲರ ಪಾಸ್‌ವರ್ಡ್ ಒಂದೇ ಹಾಳೆಯಲ್ಲಿ, ಕ್ಯಾಲೆಂಡರಿನ ಪಕ್ಕ. “ಅವತ್ತು ಈ ಕೋಣಿಯಾಗ ಯಾರಿದ್ರು?”

ಅವನು ಪರದೆಯನ್ನೇ ನೋಡುತ್ತಿದ್ದ.

“ನಾ ಮೆಟ್ಟಿಲ ಹತ್ತಿ ದಣದೀನಿ ಗೋವಿಂದರಾವ್. ನೀವೂ ದಣದೀರಿ. ಇಬ್ಬರೂ ಜಲ್ದಿ ಮುಗಸೋಣು.”

ಅವನು ಕುರ್ಚಿಗೆ ಒರಗಿದ.

“ನಾ ಒಬ್ಬನ ಇದ್ದೆ.”

ಶಾಕಿರಾ ಬೇಗಂ ಉಸಿರು ಬಿಟ್ಟದ್ದು ಕೋಣೆಯ ತುಂಬ ಕೇಳಿತು.

“ಹದಿನಾಲ್ಕಕ್ಕ ಉದ್ಘಾಟನಿ ಇತ್ರಿ. ಹನ್ನೆರಡು ಸಾವಿರ ಪಾಠ ತೋರಸ್ತೀನಿ ಅಂತ ಮಾತು ಕೊಟ್ಟಿದ್ದೆ. ಕೈಯಾಗ ಏಳು ಸಾವಿರ ಇದ್ದವು. ಕನ್ನಡದ ಚಿತ್ರ ಬರಿಯೋರು ನಡುವ ಕೈ ಎತ್ತಿದ್ರು. ಉರ್ದುದಾಗ ಚಿತ್ರ ತಯಾರಿದ್ದವು. ಎತ್ತಿ ಕನ್ನಡಕ್ಕ ಹಾಕ್ದೆ, ಮರಾಠಿಗೂ ಹಾಕ್ದೆ. ಕೆಳಗ ಸಾಲು ಬದಲಿ ಮಾಡ್ದೆ. ಚಿತ್ರಕ್ಕ ಭಾಷಾ ಎಲ್ಲದ್ರಿ ಅಂತ…” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಚಿತ್ರಕ್ಕೂ ಎಡ ಬಲ ಇರ್ತದ ಅಂತ ನಂಗ ಹೊಳೀಲೇ ಇಲ್ಲ.”

“ನಂಗ ಒಂದು ಮಾತು ಕೇಳಿದ್ರ ಹೇಳ್ತಿದ್ನಲ್ಲ ಭಾಯಿ,” ಎಂದರು ಶಾಕಿರಾ ಬೇಗಂ. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. “ನಮ್ಮ ಕಿತಾಬ ಹಿಂದಿನಿಂದ ತೆರಿತಾವ ಅಂತ ವರ್ಷಗಟ್ಟಲೆ ಚೇಷ್ಟಾ ಮಾಡಿದವ ನೀನ. ಅವತ್ತೊಂದು ದಿನ ಮರ್ತೆ.”

“ಮಾಸ್ತರರ ಸಹಿ?” ಎಂದಳು ಕೌಸಲ್ಯಾಬಾಯಿ.

“ಪಾಠ ನಕಲು ಮಾಡಿದ್ರ ಸಹಿನೂ ಸಂಗಟ ಬರ್ತದ್ರಿ. ತೆಗಿಬೇಕಿತ್ತು. ತೆಗದ್ರ ಪಾಠ ಒಳಗ ಇಳಿಯಂಗಿಲ್ಲ. ಅದಕ್ಕ ಬ್ಯಾರೆ ಪಾಠಾನೂ ಇಂಥಾ ನಕಲಿನ ಮ್ಯಾಲ ಕಟ್ಟೀನಿ.”

“ಒಟ್ಟು ಎಷ್ಟು ಪಾಠದ ಕೆಳಗ ಮಾಸ್ತರರ ಸಹಿ ಅದ?”

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಸಂಖ್ಯೆ ಬಂತು. ಸಾವಿರದ ನೂರ ನಲವತ್ತು.

ಎಂಬತ್ತಾರು ಎಂದು ಬರೆದಿದ್ದ ನೋಟುಬುಕ್ಕು ಕೌಸಲ್ಯಾಬಾಯಿಯ ಕಣ್ಣ ಮುಂದೆ ಬಂತು. ಅವಳಿಗೆ ಬೈಯುವಷ್ಟು ತ್ರಾಣ ಉಳಿದಿರಲಿಲ್ಲ.

“ಇವತ್ತ ಶಾಲಿಗಳಿಗೆ ಹೇಳ್ರಿ. ಪೆಟ್ಟಿಗಿ ಮುಚ್ಚಿಡ್ಲಿ.”

“ನಾಲ್ಕು ನೂರು ಶಾಲಿ ಮೇಡಮ್ಮರ…”

“ನಾಲ್ಕು ನೂರು ಫೋನು ಹಚ್ರಿ. ಮೊದಲು ಕಾಗದ ತಗೋರಿ. ಬರೀರಿ.”

ಅವನು ಬರೆದ. ಹನ್ನೊಂದನೆಯ ತಾರೀಖು ಶಾಕಿರಾ ಬೇಗಂ ಔರಾದದ ಗೋದಾಮಿನಲ್ಲಿ ಇದ್ದರು ಎಂದೂ, ಅವರ ಐಡಿಯಿಂದ ಚಿತ್ರಗಳನ್ನು ವರ್ಗಾಯಿಸಿದವನು ತಾನೇ ಎಂದೂ ಬರೆದ. ಕೆಳಗೆ ಸಹಿ ಮಾಡಿದ. ಕೌಸಲ್ಯಾಬಾಯಿ ಎರಡು ಸಲ ಓದಿ ಮಡಚಿಕೊಂಡಳು. ಗಡಿಯಾರ ನಾಲ್ಕು ಹದಿನೈದು ತೋರಿಸುತ್ತಿತ್ತು. ಐದರೊಳಗೆ ಸಾಹೇಬರ ಕಚೇರಿ ಮುಟ್ಟಬಹುದು. ದಾರಿಯಲ್ಲಿ ಚಹಾ ಕೂಡ ಕುಡಿಯಬಹುದು.

ಆಗ ಮೊಬೈಲು ರಿಂಗಣಿಸಿತು. ಆಸ್ಪತ್ರೆಯಲ್ಲಿ ಕಾವಲಿಗೆ ಬಿಟ್ಟಿದ್ದ ಕಾನ್‌ಸ್ಟೇಬಲ್ ಪ್ರಣಿತಾ.

“ಮೇಡಮ್, ಮಂಜಿರಿ ಟೀಚರ್ ಮಾತಾಡ್ಲಿಕ್ಕತ್ಯಾರ. ಡಾಕ್ಟರು ಎರಡು ನಿಮಿಷ ಅಂದಾರ. ನಿಮಗ ಹೇಳಬೇಕಂತ.”

ಕೌಸಲ್ಯಾಬಾಯಿ ಸ್ಪೀಕರ್ ಒತ್ತಿದಳು. ಬಟ್ಟೆಯೊಳಗಿಂದ ಬಂದಂಥ ದನಿ.

“ಮೇಡಮ್ಮರ… ಹಗೇವಿನ ಪಾಠ ನೋಡಿ ಸುಟ್ಕೊಂಡ್ಳು ಅಂತ ಎಲ್ಲಾರೂ ಅನ್ಲಿಕ್ಕತ್ಯಾರಂತ. ಹಂಗಲ್ರಿ. ಚಿತ್ರ ಉಲ್ಟಾ ಇದ್ದದ್ದು ನಂಗ ಕಂಡಿತ್ತು. ಹುಡುಗೂರಿಗೆ ತೋರಿಸಿ ನಕ್ಕಿದ್ದೆ. ನೋಡ್ರಿ, ಹಗೇವಿನಾಗೂ ಹುಳ ಹತ್ತಿದ ಜ್ವಾಳ ಇರ್ತಾವ ಅಂದೆ. ನಾ ಮೊದಲು ನೀರ ಹಾಕಿದ್ದು.”

ಗೋವಿಂದ ಕುರ್ಚಿಯಿಂದ ಅರ್ಧ ಎದ್ದ.

“ಯಾವ ನೀರು ತಾಯಿ? ಶಾಲಿ ನಳದ್ದೇನು?”

“ಅಲ್ರಿ. ಪೆಟ್ಟಿಗಿ ಸಂಗಟ ಎರಡು ಬಾಟ್ಲಿ ಬಂದಿದ್ವು. ಒಂದಕ್ಕ ಆಮ್ಲ ಅಂತ ಚೀಟಿ, ಇನ್ನೊಂದಕ್ಕ ಶುದ್ಧ ನೀರು ಅಂತ. ನೀರಿನ ಬಾಟ್ಲಿನ ಸುರಿದೆ. ಸುರೀವಾಗ ದಪ್ಪ ಅನಸ್ತು, ಎಣ್ಣಿ ಸುರಿದಂಗ… ಅಲ್ಲೇ ತಡೀಬೇಕಿತ್ತು ನಾ. ಇನ್ನೊಂದು ಬಾಟ್ಲಿ ಬಗ್ಗಿಸಿದ್ದಷ್ಟ ನೆನಪದ.”

“ಚೀಟಿ ಅದಲು ಬದಲು ಆಗಿತ್ತು ಅಂತೀರಿ?”

“ಆಗಿರಲಿಲ್ರಿ. ಯಾರೋ ಮಾಡಿದ್ರು. ಹಳೀ ಚೀಟಿ ಕಿತ್ತ ಗುರುತಿನ ಮ್ಯಾಲ ಹೊಸಾದು ಅಂಟಿಸಿತ್ತು. ಬೆರಳಿಗೆ ಹತ್ತಿತ್ತು ನಂಗ, ಇನ್ನೂ ಅಂಟು ಅಂಟು ಇತ್ತು…”

ಹಿಂದೆ ಯಾರೋ ಸಾಕು ಎಂದರು. ಫೋನು ಕಡಿದುಹೋಯಿತು.

ಒಡೆದ ಬಾಟಲಿಗಳ ಚೂರು ಪರೀಕ್ಷೆಗೆ ಹೋಗಿ ಮೂರು ದಿನ. ವರದಿ ಬಂದಿರಲಿಲ್ಲ. ಚಿತ್ರ ತಪ್ಪಿದ್ದು ಕಣ್ಣಿಗೆ ಕಂಡಿದ್ದರಿಂದ ಯಾರೂ ಬಾಟಲಿಯ ಗೊಡವೆಗೆ ಹೋಗಿರಲಿಲ್ಲ. ಕೌಸಲ್ಯಾಬಾಯಿಯೂ ಹೋಗಿರಲಿಲ್ಲ. ಅದು ಅವಳಿಗೆ ಈಗ ಚುಚ್ಚಿತು.

ಅವಳು ಮೊಬೈಲಿನಲ್ಲಿ ಮತ್ತೆ ಔರಾದದ ಫೋಟೋ ತೆರೆದಳು. ಇಲ್ಲಿಯ ತನಕ ಅವಳ ಕಣ್ಣು ಬಂದ ಹೊತ್ತು, ಹೋದ ಹೊತ್ತಿನ ಮೇಲಷ್ಟೇ ಇತ್ತು. ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಪಕ್ಕಕ್ಕೆ ಸರಿಸಿದಳು. ಸಾಮಾನಿನ ಕಾಲಮು.

ಠಾಣಾ ಕುಶನೂರ. ಪೆಟ್ಟಿಗೆ ಒಂದು. ಆಮ್ಲದ ಬಾಟಲಿ ಒಂದು. ನೀರಿನ ಬಾಟಲಿ ಒಂದು. ತಂದುಕೊಟ್ಟವರ ಸಹಿ, ಶಾಕಿರಾ ಬೇಗಂ.

ಅವಳು ಫೋಟೋವನ್ನು ಶಾಕಿರಾ ಬೇಗಂ ಮುಂದೆ ಹಿಡಿದಳು.

“ಈ ಸಹಿ ನಿಮ್ದೇನು?”

“ನಂದೇ.”

“ಎರಡು ಬಾಟ್ಲಿ ಒಯ್ದಿದ್ರೇನು?”

ಶಾಕಿರಾ ಬೇಗಂ ಫೋಟೋ ನೋಡಿದರು. ಗೋವಿಂದನನ್ನು ನೋಡಿದರು. ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

“ಒಂದ ಒಯ್ದಿದ್ದೆ ಬಾಯಿ. ಆಮ್ಲದ್ದು. ಖುದಾನ ಆಣಿ, ನೀರಿನ ಬಾಟ್ಲಿ ಅಂತ ಈ ದಫ್ತರದಾಗ ಇದ್ದೇ ಇಲ್ಲ. ನೀರು ಯಾರರ ಬೀದರಿನಿಂದ ಹೊತ್ಕೊಂಡು ಹೋಗ್ತಾರೇನ್ರಿ?”

“ಮತ್ತ ಸಹಿ ಹ್ಯಾಂಗ ಹಾಕಿದ್ರಿ?”

“ಮೂವತ್ತು ಶಾಲಿ ಲೆಕ್ಕ ಇತ್ತು. ಒಂದೊಂದ ಓದಿ ಹಾಕ್ಲಿಲ್ಲ. ನಾ… ನಾನೂ ನೋಡಲಾರದ ಹಾಕ್ದೆ.”

ಕೆಳಗೆ ಬೀದಿಯಲ್ಲಿ ಚಿದ್ರಿಗೆ ಹೋಗುವ ಆಟೋದವನು ಒಬ್ಬರೇ ಒಬ್ಬರು ಎಂದು ಕೂಗುತ್ತಿದ್ದ.

ಗೋವಿಂದ ನಿಧಾನವಾಗಿ ಎದ್ದು ನಿಂತ. ಇಷ್ಟು ಹೊತ್ತು ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು. ಅವನು ಕೌಸಲ್ಯಾಬಾಯಿಯ ಕೈಯಲ್ಲಿದ್ದ, ತಾನೇ ಬರೆದುಕೊಟ್ಟ ಕಾಗದವನ್ನು ತೋರಿಸಿದ.

“ಹನ್ನೊಂದನೇ ತಾರೀಖು ಆಪಾ ಔರಾದದಾಗ, ಆ ಬಾಟ್ಲಿಗಳ ಹತ್ರ ಇದ್ರು ಅಂತ ನೀವ ನನ್ನ ಕಡಿಂದ ಬರಸ್ಕೊಂಡ್ರಿ ಮೇಡಮ್ಮರ. ಕೊಟ್ರ ಬಾಟ್ಲಿ ಆಪಾನ ಕೊರಳಿಗೆ ಬೀಳ್ತದ, ಹರದ್ರ ನಾ ಒಪ್ಪಿಕೊಂಡದ್ದೂ ಹೋಗ್ತದ. ಐದಕ್ಕ ಇನ್ನೂ ನಲವತ್ತು ನಿಮಿಷ ಅದ. ಈಗ ಅದನ್ನ ಸಾಹೇಬರಿಗೆ ಕೊಡ್ತೀರೇನು, ಹರೀತೀರೇನು?”